ಉದ್ದ ಹಲ್ಲಿನ ಸೆರಗು

ನನಗೊಂದು ಚಟವಿದೆ. ಮುಚ್ಚಿಟ್ಟು ಉಪಯೋಗವಿಲ್ಲ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆಲ್ಲ ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಕಣ್ಣಿಗೆ ಬಿದ್ದ ಅಕ್ಷರವನ್ನು ಬಾಯಿಬಿಟ್ಟು ಓದದೆ ನನ್ನಿಂದ ಇರಲಾಗುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ನನ್ನ ರೂಮು, ಶಿರೂರಿನಲ್ಲಿ ನಾನು ಕಲಿಸುವ ಸಾಲೆ. ನಡುವಿನ ದಾರಿಯಲ್ಲಿ ಸಿಮೆಂಟಿನ ಜಾಹೀರಾತು, ಬೀಜದಂಗಡಿಯ ಬೋರ್ಡು, ಮುಂದಿನ ಟ್ರ್ಯಾಕ್ಟರಿನ ಹಿಂದೆ ಬರೆದ 'ತಾಯಿಯ ಆಶೀರ್ವಾದ', ಎಲ್ಲವನ್ನೂ ಜೋರಾಗಿ ಓದಿಕೊಂಡೇ ಹೋಗುತ್ತೇನೆ. ಮೊಬೈಲು ಬಂದ ಮೇಲಂತೂ ಕೇಳಬೇಡಿ. ರೂಮಿನ ಗೆಳತಿಗೆ ಅವಳ ಭಾವೀ ಗಂಡ ಕಳಿಸಿದ್ದ ಸಂದೇಶವನ್ನು, ಮನೆಯ ಮಾಲಕರು ಎದುರಿಗೆ ಕೂತಿದ್ದಾಗಲೇ, ವಾರ್ತೆ ಓದಿದಂತೆ ಓದಿಬಿಟ್ಟೆ. ಅವಳು ಎರಡು ದಿನ ನನಗೆ ಚಹಾ ಕೊಡಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಾನು ನಾಲ್ಕು ಮಾತು ಓದಿ ಒಂದು ಕ್ಷಣ ನಿಲ್ಲುತ್ತೇನೆ. ಮತ್ತೆ ನಾಲ್ಕು ಮಾತು, ಮತ್ತೆ ನಿಲ್ಲುತ್ತೇನೆ. ಪೂರ್ಣವಿರಾಮಕ್ಕೂ ಅಲ್ಪವಿರಾಮಕ್ಕೂ ಸಂಬಂಧವಿಲ್ಲದ ನಿಲುಗಡೆ ಅದು. ನಾನು ಬೋರ್ಡಿನ ಕಡೆ ತಿರುಗಿದಾಗ ಐದನೆಯ ತರಗತಿಯ ಹುಡುಗರು ನನ್ನಂತೆಯೇ ಓದಿ ನಗುತ್ತಾರೆ. ನಮ್ಮ ಹೆಡ್‌ಮಾಸ್ತರರು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಟೀಚರ್, ನೀವು ಓದೂಮುಂದ ನಡುನಡುವ ನಿಮ್ಮನ್ನ ಯಾರರೆ ಕರದಂಗ ಆಕ್ಕೈತೇನ್ರಿ?" ಎಂದು ಕೇಳಿದರು. ಅವರಿಗೆ ಏನು ಹೇಳಲಿ? ಆ ಖಾಲಿ ಜಾಗ ಮಗ್ಗದ ಸಪ್ಪಳಕ್ಕೆ ಬಿಟ್ಟದ್ದು.

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲೇ ಮಗ್ಗವಿತ್ತು, ಈಗಲೂ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನೇಯಲು ಕೂತರೆ ಲಾಳಿ ಸರ್ರನೆ ಆಚೆ ಹೋಗುತ್ತದೆ, ಅಪ್ಪ ಹಣಿಗೆ ಎಳೆದು ಬಡಿಯುತ್ತಾನೆ, ಧಡ್. ಲಾಳಿ ಸರ್ರನೆ ಈಚೆ ಬರುತ್ತದೆ, ಮತ್ತೆ ಧಡ್. ಆ ಧಡ್ಡಿನ ಮೇಲೆ ಮಾತು ಬಿದ್ದರೆ ಅಪ್ಪನಿಗೆ ಕೇಳಿಸದು. ಹಾಗಾಗಿ ಎರಡು ಧಡ್ಡುಗಳ ನಡುವೆ ಎಷ್ಟು ಮಾತು ಹಿಡಿಯುತ್ತವೆಯೋ ಅಷ್ಟನ್ನೇ ತುಂಬಿ ಓದುವುದು ನನಗೆ ಎರಡನೆಯ ಇಯತ್ತೆಯಿಂದಲೇ ರೂಢಿ. ಅಪ್ಪ ಸಾಲೆ ಕಲಿತದ್ದು ಕಡಿಮೆ, ಆದರೆ ಅವನ ಕಿವಿ ಹಸಿದ ಕಿವಿ. ಪೇಪರಿನಿಂದ ಹಿಡಿದು ಶ್ರಾವಣದ ಪುರಾಣದವರೆಗೆ ಎಲ್ಲವನ್ನೂ ಅವನಿಗೆ ಓದಿ ಹೇಳುತ್ತಿದ್ದವಳು ನಾನು. ಓಣಿಯ ಬೇರೆ ಕೆಲವು ಮನೆಗಳಿಗೆ ಆಗಲೇ ಪಾವರ್‌ಲೂಮು ಬಂದಿತ್ತು. ಆ ಮನೆಗಳಲ್ಲಿ ಊಟಕ್ಕೆ ಕರೆಯಬೇಕಾದರೂ ಹೋಗಿ ಭುಜ ಹಿಡಿದು ಅಲುಗಾಡಿಸಬೇಕು. ನಮ್ಮ ಮನೆ ಬಡವರದಾದರೂ ಮಾತು ಕೇಳುವ ಮನೆ ಎಂಬ ಸೊಕ್ಕು ನನಗಿತ್ತು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ಅಕ್ಕನಿಗೆ ಹುನಗುಂದದ ಗಂಡು ಗೊತ್ತಾಯಿತು. ಅವರದು ಸೀರೆ ಅಂಗಡಿಯ ಮನೆತನ. ಅಂಗಡಿ ಹೆಸರಿಗೆ ಗಂಡಸರದು, ಸೀರೆ ಆರಿಸುವ ಕೈ ಮಾತ್ರ ಅಕ್ಕನ ಅತ್ತೆಯಾಗುವವರದು. ಅವರು ಕಣ್ಣು ಮುಚ್ಚಿ ಬಟ್ಟೆ ಸವರಿ ಇದು ಇಳಕಲ್ಲಿನ ಯಾವ ಓಣಿಯಲ್ಲಿ ನೇಯ್ದದ್ದು ಎಂದು ಹೇಳುತ್ತಾರೆ ಎಂಬ ಸುದ್ದಿ ಅವರಿಗಿಂತ ಮೊದಲೇ ನಮ್ಮ ಮನೆಗೆ ಬಂದಿತ್ತು. ನಿಶ್ಚಯದ ದಿನ ಎಲ್ಲರೂ ಕೊಡುವ ಬಿಡುವ ಮಾತಿಗೆ ಕಾದು ಕೂತಿರುವಾಗ ಅವರು ಎಲೆ ಅಡಿಕೆ ಹಾಕಿಕೊಂಡು ಅಪ್ಪನ ಕಡೆ ತಿರುಗಿದರು.

"ಬೀಗರ, ಬಂಗಾರ ಬೆಳ್ಳಿ ನಾವೇನೂ ಕೇಳಂಗಿಲ್ರಿ. ಹುಡುಗಿಗೆ ನಿಮ್ಮ ಕೈಯಾಗಿಂದು ಒಂದು ಸೀರಿ ಉಡಿಸಿ ಕಳಸ್ರಿ. ಅಷ್ಟ ಸಾಕು."

ಕೇಳಿದವರೆಲ್ಲ "ಎಂಥಾ ದೊಡ್ಡ ಮನಸು" ಎಂದರು. ಅಪ್ಪನ ಮುಖ ಮಾತ್ರ ಬಿಳಿಚಿತು. ಬಂಗಾರವಾದರೆ ಅಂಗಡಿಯವನು ಮಾಡಿದ್ದು, ತಪ್ಪಿದ್ದರೆ ಅವನ ತಲೆಗೆ. ಇದು ಹಾಗಲ್ಲ. ಊರಿನ ಅರ್ಧ ಮದುವೆಗೆ ಸೀರೆ ನೇಯ್ದ ಮನುಷ್ಯನಿಗೆ ತನ್ನ ಮಗಳಿಗೆಂದು ನೇಯುವ ಮೊದಲ ಸೀರೆ, ಅದನ್ನು ನೋಡುವವರು ಇಂಥ ಬೀಗತಿ. ಒಂದು ಎಳೆ ಹೆಚ್ಚುಕಡಿಮೆಯಾದರೂ ಅಪ್ಪನ ಮೂವತ್ತು ವರ್ಷದ ಹೆಸರು ಹುನಗುಂದದ ಬಜಾರಿನಲ್ಲಿ ಹರಾಜಾಗುತ್ತದೆ, ಅಕ್ಕನಿಗೆ ಹೋದ ಮನೆಯಲ್ಲಿ ಹಾಸ್ಯದ ಮಾತು ಕೇಳುವ ಪಾಳಿ ಬರುತ್ತದೆ. ಅವತ್ತಿನಿಂದ ಮನೆಯಲ್ಲಿ ಆ ಸೀರೆಯ ಹೊರತು ಬೇರೆ ಮಾತಿಲ್ಲ.

ಬೇರೆ ಮಾತಿಲ್ಲ ಎಂದರೆ ಸುಳ್ಳಾಗುತ್ತದೆ. ಪುಸ್ತಕವೊಂದಿತ್ತು.

ಊರಿನ ವಾಚನಾಲಯದಲ್ಲಿ ಮಕ್ಕಳ ಕಪಾಟನ್ನು ನಾನು ಓದಿ ಮುಗಿಸಿದ್ದೆ. ಅಲ್ಲಿಯ ಅಜ್ಜನವರು ನನ್ನ ಕಾಟ ತಾಳಲಾರದೆ ಒಂದು ದಪ್ಪ ಪುಸ್ತಕ ತೆಗೆದು, "ಇದೊಂದೈತಿ ತಂಗಿ, ಆದರ ಇದಕ್ಕ ತೆಲಿ ಇಲ್ಲ" ಎಂದು ಕೊಟ್ಟರು. ರಟ್ಟು ಹೋಗಿತ್ತು, ಮೊದಲ ಎಂಟು ಪುಟ ಹೋಗಿದ್ದವು. ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಒಂಬತ್ತನೆಯ ಪುಟ ಶುರುವಾಗುವುದೇ 'ಎಂದು ಹೇಳಿ ಅವನು ಬಾಗಿಲು ಹಾಕಿಕೊಂಡನು' ಎಂದು. ಏನು ಹೇಳಿದ, ಯಾಕೆ ಬಾಗಿಲು ಹಾಕಿಕೊಂಡ ಎಂಬುದು ಇವತ್ತಿಗೂ ನಮಗೆ ತಿಳಿಯದು. ಅಪ್ಪ ಮಾತ್ರ ಹೊಸ ಪಾತ್ರ ಬಂದಾಗಲೆಲ್ಲ, "ಬಾಗಲಾ ಹಾಕ್ಕೊಂಡಾವ ಇವನಽ ಇರಬೇಕು" ಎನ್ನುತ್ತಿದ್ದ.

ಅದು ಡೈನೋಸಾರುಗಳ ಕಥೆ. ಉತ್ತರದ ಒಂದು ಹಿಮದ ದ್ವೀಪದಲ್ಲಿ ಒಬ್ಬ ವಿಜ್ಞಾನಿಗೆ ಕೋಟ್ಯಂತರ ವರ್ಷದ ಹಿಂದಿನ ಮೊಟ್ಟೆ ಸಿಗುತ್ತದೆ. ಅದರೊಳಗೆ ಉಳಿದಿದ್ದ ಚೂರುಪಾರು ಜೀವದ ತಂತುವನ್ನು ತೆಗೆದು ಈಗಿನ ಒಂದು ಹಕ್ಕಿಯ ಜೀವಕ್ಕೆ ಕೂಡಿಸಿ ಅವನು ಡೈನೋಸಾರುಗಳನ್ನು ಮತ್ತೆ ಹುಟ್ಟಿಸುತ್ತಾನೆ. ಸುತ್ತ ಎತ್ತರದ ಕಬ್ಬಿಣದ ಬೇಲಿ. ಬೇಲಿಯ ಈಚೆ ಏಳೆಂಟು ಜನ, ಅವರಿಗೊಬ್ಬ ಅಡುಗೆಯವನು. ನಮ್ಮ ಮನೆಯಲ್ಲಿ ಅದಕ್ಕೆ ಪ್ರಾಣಿ ಪುಸ್ತಕ ಎಂದು ಹೆಸರಾಯಿತು.

ಅಕ್ಕನ ಸೀರೆಗೆ ಅವ್ವ ಕೊಂಡಿ ಹಾಕಲು ಕೂತ ದಿನವೇ ಪುಸ್ತಕವೂ ಶುರುವಾಯಿತು. ಇಳಕಲ್ ಸೀರೆಯಲ್ಲಿ ಉದ್ದಕ್ಕೆ ಹೂಡುವ ಎಳೆಗಳ ಹಾಸು ಒಡಲಿಗೆ ಬೇರೆ, ಸೆರಗಿಗೆ ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಶ್ಮೆಯ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಅಂಥವು ಸಾವಿರಾರು. ಅಪ್ಪ ಮಗ್ಗದ ಮೇಲಿದ್ದ ಹಿಂದಿನ ಸೀರೆ ಮುಗಿಸುತ್ತಿದ್ದ, ಅವ್ವ ಕಿಟಕಿಯ ಬೆಳಕಿಗೆ ಕೂತು ಕೊಂಡಿ ಹಾಕುತ್ತಿದ್ದಳು, ನಾನು ಓದುತ್ತಿದ್ದೆ. ಹಳೆಯ ಜೀವಕ್ಕೆ ಹೊಸ ಜೀವವನ್ನು ಜೋಡಿಸಿದ ಕಡೆ ಲೇಖಕರು ಎರಡು ಪುಟ ವಿಜ್ಞಾನ ಬರೆದಿದ್ದರು. ನಾನು ಮೂರು ಸಲ ಓದಿದೆ. ನನಗೆ ತಿಳಿಯಲಿಲ್ಲ, ಅಪ್ಪನಿಗೆ ತಿಳಿಯಲಿಲ್ಲ. ಅವ್ವ ತಲೆ ಎತ್ತದೆಯೇ ಹೇಳಿದಳು.

"ಇದರಾಗ ತಿಳೀಲಾರದ್ದು ಏನೈತಿ? ಸತ್ತ ಎಳಿಗೆ ಜೀವಂತ ಎಳಿ ಕೊಂಡಿ ಹಾಕ್ಯಾನ."

ಅಪ್ಪ ಲಾಳಿ ಬಿಟ್ಟು ಅವಳನ್ನೇ ನೋಡಿದ. "ಹೌದಲ್ಲ!"

"ಆದರ ಅಂವಗ ಕೊಂಡಿ ಹಾಕಾಕ ಬರಂಗಿಲ್ಲ," ಎಂದಳು ಅವ್ವ. "ಗಡಿಬಿಡಿ ಮಾಡ್ಯಾನ. ಸಡಲ ಕೊಂಡಿ ಅಂದ್ರ ಒಂದಿನ ಕಳಚತೈತಿ. ನೋಡ್ತಿರ್ರಿ, ಅವನ ಪ್ರಾಣಿ ಬೇಲಿ ಹಾರತೈತಿ."

ಮುಂದೆ ಬಿ.ಎಡ್. ಓದುವಾಗ ನಮಗೆ ಜೀವದ ತಂತು ಕೂಡಿಸುವ ಈ ಪಾಠವನ್ನು ಚಿತ್ರ ಬರೆದು, ಬಣ್ಣದ ಸೀಮೆಸುಣ್ಣ ಹಚ್ಚಿ ಹೇಳಿಕೊಟ್ಟರು. ಅವ್ವನಷ್ಟು ಚೊಕ್ಕಟವಾಗಿ ಯಾರೂ ಹೇಳಲಿಲ್ಲ. ಅವಳಿಗೆ ಆ ಪುಸ್ತಕದಲ್ಲಿ ಹಿಡಿಸಿದವನು ಅಡುಗೆಯವನೊಬ್ಬನೇ. ಪ್ರಾಣಿಗಳನ್ನು ಎಲ್ಲರೂ ಅಳೆಯುವವರು, ತೂಗುವವರು. ಅವು ಏನು ಉಂಡವು, ಹೊಟ್ಟೆ ತುಂಬಿತೋ ಇಲ್ಲವೋ ಎಂದು ಕೇಳುವವನು ಅವನೊಬ್ಬ. ಸೀಟಿ ಹೊಡೆಯುತ್ತ ಉಳ್ಳಾಗಡ್ಡಿ ಹೆಚ್ಚುವ ಮನುಷ್ಯ.

ಹಿಂದಿನ ಸೀರೆ ಇಳಿಯಿತು, ಅಕ್ಕನ ಸೀರೆಯ ಹಾಸು ಮಗ್ಗಕ್ಕೇರಿತು. ಗಿಣಿ ಹಸಿರಿನ ಒಡಲು. ಒಡಲು ನೇಯುವಾಗ ಕೈ ತನ್ನಷ್ಟಕ್ಕೆ ಓಡುತ್ತದೆ, ಕಿವಿ ಖಾಲಿ ಇರುತ್ತದೆ, ಎಷ್ಟು ಬೇಕಾದರೂ ಓದಬಹುದು. ಸೆರಗು ಹಾಗಲ್ಲ. ಸೆರಗಿಗೆ ಕೆಂಪು ಪಟ್ಟಿ, ಆಮೇಲೆ ಬಿಳಿಯ ತೆನೆಗಳ ಸಾಲು, ಮತ್ತೆ ಕೆಂಪು, ಮತ್ತೆ ತೆನೆಯ ಸಾಲು, ಕೊನೆಗೆ ಕೆಂಪು. ಜೋಳದ ತೆನೆಯಂತೆ ಚೂಪಾಗಿ ಏಳುವ ಈ ಬಿಳಿ ಸಾಲಿಗೆ ತೋಪತೆನಿ ಎನ್ನುತ್ತಾರೆ. ಲಾಳಿ ಎಷ್ಟು ಸಲ ಓಡಿತು ಎಂದು ಮನಸ್ಸಿನಲ್ಲೇ ಎಣಿಸುತ್ತ ಸರಿಯಾದ ಕಡೆ ನಿಲ್ಲಿಸಬೇಕು, ಇಲ್ಲದಿದ್ದರೆ ಒಂದು ಸಾಲಿಗೂ ಇನ್ನೊಂದಕ್ಕೂ ಎತ್ತರ ಕೂಡುವುದಿಲ್ಲ. ಅದಕ್ಕೇ ನಮ್ಮ ಮನೆಯ ಕಾಯಿದೆ ಎಂದರೆ ಸೆರಗಿಗೆ ಕೂತಾಗ ಯಾರೂ ಪಿಟ್ಟೆನ್ನುವಂತಿಲ್ಲ. ಬಾಗಿಲಿಗೆ ಭಿಕ್ಷುಕರು ಬಂದರೂ ಅವ್ವ ಕೈಸನ್ನೆಯಲ್ಲೇ ಮುಂದೆ ಕಳಿಸುತ್ತಿದ್ದಳು. "ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು" ಎಂಬ ಗಾದೆಯನ್ನು ನಾನು ಕಲಿತದ್ದು ಸೆರಗಿನ ದಿನಗಳಲ್ಲೇ.

ಒಡಲು ಮುಗಿಯಿತು ಎನ್ನುವಾಗ ಲಗ್ನಪತ್ರಿಕೆ ಅಚ್ಚಾಗಿ ಬಂತು. ನಮ್ಮ ನೇಕಾರರ ಮನೆಗಳಲ್ಲಿ ಮೊದಲ ಪತ್ರಿಕೆ ಬನಶಂಕರಿಗೆ. ಅಕ್ಕನನ್ನು ಮನೆಯಲ್ಲಿ ಬಿಟ್ಟು ನಾವು ಮೂವರು ಬಸ್ಸು ಹತ್ತಿದೆವು. ಅಮೀನಗಡದಲ್ಲಿ ಬಸ್ಸು ನಿಂತಾಗ ಅವ್ವ ಇಳಿದು ಒಂದು ಡಬ್ಬಿ ಕರದಂಟು ಕೊಂಡಳು. ವಾಪಸು ಬರುವಾಗ ಹುನಗುಂದದಲ್ಲಿಳಿದು ಬೀಗರ ಮನೆಗೆ ಹೋಗುವುದಿತ್ತು, ಬರಿಗೈಲಿ ಹೋಗಲಾಗದು. ನಾನು ಚೀಲದಲ್ಲಿ ಪ್ರಾಣಿ ಪುಸ್ತಕ ಇಟ್ಟುಕೊಂಡಿದ್ದೆ. ದೇವಿಯ ಮುಂದೆ ಪತ್ರಿಕೆ ಇಟ್ಟು, ಹೊಂಡದ ದಂಡೆಯಲ್ಲಿ ರೊಟ್ಟಿ ತಿಂದು, ಅಲ್ಲಿಂದ ಬಾದಾಮಿಗೆ ಬಂದು ಕೆರೆಯ ಮೆಟ್ಟಿಲ ಮೇಲೆ ಕೂತೆವು. ಆ ಕೆಂಪು ಗುಡ್ಡಗಳನ್ನು ಅಪ್ಪ ಬಹಳ ಹೊತ್ತು ನೋಡಿದ.

"ಇಂಥಾ ಕಲ್ಲಿನ್ಯಾಗಽ ಇದ್ದಿರಬೇಕು ಅವು," ಎಂದ. "ಆ ಬಿರುಕಿನ್ಯಾಗಿಂದ ಒಂದು ಗೋಣು ಹಾಕಿ ನೋಡಿದರ ಹೆಂಗ ಕಾಣತೈತಿ, ಹೇಳು."

ನಾನು ಬಿರುಕಿನ ಕಡೆ ನೋಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಮಂಗ ಬಂದು ನನ್ನ ಚೀಲ ಕಸಿದುಕೊಂಡು ಗೋಡೆ ಹತ್ತಿತು. ಬಾದಾಮಿಯ ಮಂಗಗಳಿಗೆ ವ್ಯವಹಾರ ಗೊತ್ತು. ಅದು ಓಡಲಿಲ್ಲ. ಗೋಡೆಯ ಮೇಲೆ ಕೂತು ಚೀಲದೊಳಗಿಂದ ಪುಸ್ತಕ ತೆಗೆದು, ಒಂದು ಹಾಳೆಯ ತುದಿ ಬಾಯಲ್ಲಿಟ್ಟು, ನೀವೇನು ಕೊಡುತ್ತೀರಿ ಎಂಬಂತೆ ನಮ್ಮನ್ನು ನೋಡಿತು. ನಾನು ಅತ್ತುಬಿಟ್ಟೆ. ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ, ಅವ್ವನ ಕೈಯಲ್ಲಿದ್ದ ಕರದಂಟಿನ ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಮೇಲಕ್ಕೆ ಹಿಡಿದ. ಪುಸ್ತಕ ಕೆಳಗೆ ಬಿತ್ತು, ಡಬ್ಬಿ ಮೇಲೆ ಹೋಯಿತು.

"ಛಲೋ ಆತು," ಎಂದಳು ಅವ್ವ. "ಬೀಗರ ಮನಿಗೆ ಏನ ಒಯ್ಯೂದು ಈಗ? ಪ್ರಾಣಿ ಪುಸ್ತಕ ಒಯ್ಯೂದೇನು?"

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಪ್ಪ "ಓದು" ಎಂದ. ಅಲ್ಲೇ ಓದಿದೆ. ದ್ವೀಪದಲ್ಲಿ ಬಿರುಗಾಳಿ, ಬೇಲಿಯ ಒಂದು ಕಡೆ ಹಿಮ ಗುಡ್ಡೆಯಾಗಿ ಬಿದ್ದಿದೆ. ಎಲ್ಲರೂ ಹೊರಗೆ ಹೋಗಿದ್ದಾರೆ. ಅಡುಗೆಯವನೊಬ್ಬನೇ ಒಳಗೆ ಸೀಟಿ ಹೊಡೆಯುತ್ತ ಕೆಲಸ ಮಾಡುತ್ತಿದ್ದಾನೆ. ಎಲ್ಲಕ್ಕಿಂತ ದೊಡ್ಡ ಪ್ರಾಣಿ ಆ ಹಿಮದ ಗುಡ್ಡೆಯ ಮೇಲೆ ಒಂದು ಕಾಲಿಟ್ಟು ಬೇಲಿಯ ಆಚೆ ಗೋಣು ಚಾಚಿತು. ಅಷ್ಟಕ್ಕೆ "ಹುನಗುಂದ, ಇಳಕಲ್ಲ" ಎಂದು ಕಂಡಕ್ಟರು ಕೂಗಿದ. ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ, ಓದುವುದೆಲ್ಲಿ ಬಂತು? ಬೀಗರ ಮನೆಯಲ್ಲಿ ಅಪ್ಪ ಚಹಾದ ಬಸಿ ಹಿಡಿದು ಕೂತಿದ್ದನಷ್ಟೇ, ಅವನ ಮನಸ್ಸು ಬೇಲಿಯ ಹತ್ತಿರವೇ ಇತ್ತು. ನನಗೆ ಅದು ಕಾಣುತ್ತಿತ್ತು.

ಮರುದಿನ ಮುಂಜಾನೆ ಸೆರಗು ಶುರುವಾಯಿತು. ಲಗ್ನಕ್ಕೆ ಐದು ದಿನ. ಅವ್ವ ಕರೆ ಹೇಳಲು ತನ್ನ ತವರು ಮರೋಳಕ್ಕೆ ಹೊರಟಳು. ಹೊರಡುವ ಮುಂದೆ ನನ್ನ ಕಡೆ ಬೆರಳು ಮಾಡಿ, "ಪುಸ್ತಕ ಮುಟ್ಟಿದಿ ಅಂದ್ರ ಹುಷಾರ್" ಎಂದಳು. ಅಕ್ಕ ಹಿತ್ತಿಲಲ್ಲಿ ಅರಿವೆ ಒಗೆಯುತ್ತಿದ್ದಳು. ನಾನು ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತ ಮೂಲೆಯಲ್ಲಿದ್ದೆ. ಮೊದಲ ಕೆಂಪು ಪಟ್ಟಿ ಮುಗಿಯಿತು. ಮೊದಲ ತೆನೆಯ ಸಾಲು ಮುಗಿಯಿತು. ಅದರ ಮೇಲಿನ ಕೆಂಪೂ ಮುಗಿದು, ನೇಯ್ದ ಬಟ್ಟೆ ದಿಂಡಿಗೆ ಸುತ್ತಿಕೊಂಡು ಕಣ್ಣಿಗೆ ಮರೆಯಾಯಿತು. ಅಪ್ಪ ನೀರು ಕುಡಿದ. ಹಿತ್ತಿಲ ಬಾಗಿಲ ಕಡೆ ನೋಡಿದ.

"ಅವನ ಗತಿ ಏನಾತಂತ?"

"ಯಾರದಪ್ಪಾ?"

"ಅಡಗಿಯವಂದು."

"ಅಪ್ಪಾ, ಸೆರಗಿಗೆ ಕುಂತಿ ನೀ."

"ನಿಮ್ಮವ್ವ ಮರೋಳದಾಗ ಅದಾಳ," ಎಂದ ಅಪ್ಪ. "ಒಂದಽ ಒಂದು ಪುಟ ಓದು."

ಓದುವ ಹುಡುಗಿಗೆ ಒಂದು ಪುಟ ಓದು ಎನ್ನುವುದೂ, ಬೆಕ್ಕಿಗೆ ಹಾಲಿನ ವಾಸನೆ ಅಷ್ಟೇ ನೋಡು ಎನ್ನುವುದೂ ಒಂದೇ. ಪ್ರಾಣಿ ಬೇಲಿ ಹಾರಿತು. ಅಡುಗೆಮನೆಯ ಬಾಗಿಲಿನ ಹತ್ತಿರ ಬಂದು ಮೂಸಿತು. ಸೀಟಿ ನಿಂತಿತು. ನನ್ನ ದನಿ ನನಗೇ ಹೆದರಿಕೆ ಹುಟ್ಟಿಸುತ್ತಿತ್ತು. ನಾಲ್ಕು ಮಾತು, ಧಡ್, ನಾಲ್ಕು ಮಾತು, ಧಡ್. ಮಗ್ಗ ಎಲ್ಲಿಯೂ ತಡೆಯಲಿಲ್ಲ. ಹಾಗಾಗಿ ಎಲ್ಲ ಸರಿಯಾಗಿದೆ ಎಂದೇ ನಾನು ತಿಳಿದೆ. ಅಧ್ಯಾಯ ಮುಗಿಯುವಷ್ಟರಲ್ಲಿ ಎರಡನೆಯ ತೆನೆಯ ಸಾಲೂ ಮುಗಿದಿತ್ತು.

ಮರುದಿನ ಸೀರೆ ಇಳಿಸಿ ಹೊರಸಿನ ಮೇಲೆ ಹಾಸಿದರು. ಆಗತಾನೆ ಊರಿಂದ ಬಂದ ಅವ್ವ ಕಾಲು ತೊಳೆದುಕೊಂಡು ಒಳಗೆ ಬಂದವಳು ಅಲ್ಲೇ ನಿಂತಳು. ಮೊದಲ ಸಾಲಿನ ತೆನೆ ಇರಬೇಕಾದಷ್ಟೇ ಇತ್ತು. ಎರಡನೆಯ ಸಾಲಿನದು ಅದಕ್ಕಿಂತ ಅರ್ಧ ಬೆರಳು ಉದ್ದ. ಸೀರೆಯ ಅಡ್ಡಗಲಕ್ಕೂ ಉದ್ದುದ್ದ, ಚೂಪು ಚೂಪು, ಬಿಳೀ ಬಿಳೀ. ಅರಿಯದವರು ನೋಡಿದರೂ ಕಾಣುವಂಥದು.

"ಇದು ತೆನಿ ಅಲ್ಲ," ಎಂದಳು ಅವ್ವ ಮೆಲ್ಲಗೆ. "ಹಲ್ಲು ಬಂದಾವ ಇದಕ್ಕ."

ಅವ್ವ ನನ್ನ ಕಡೆ ತಿರುಗಿದಳು. "ನೀ ಓದಿದೇನ?" ಎಂದು ಅವಳು ಕೇಳುವುದಕ್ಕೂ "ನನ್ನ ಕೈಯ ತಪ್ಪು, ಎಣಿಕಿ ತಪ್ಪೇತಿ" ಎಂದು ಅಪ್ಪ ಹೇಳುವುದಕ್ಕೂ ಸರಿಹೋಯಿತು. ಅಪ್ಪ ಗಾಬರಿಯಾದಂತೆ ಕಾಣಲಿಲ್ಲ. ದೊಡ್ಡವರ ಗಾಂಭೀರ್ಯ ಹೀಗಿರುತ್ತದೆ ಎಂದು ನಾನು ತಿಳಿದುಕೊಂಡೆ. ಹೊಸ ಹಾಸು ಹೂಡಿ, ಕೊಂಡಿ ಹಾಕಿ, ಇನ್ನೊಂದು ನೇಯಲು ದಿನಗಳಿರಲಿಲ್ಲ. ಬಜಾರಿನಿಂದ ಒಂದು ಒಳ್ಳೆಯ ಸೀರೆ ತರುತ್ತೇನೆ ಎಂದ ಅಪ್ಪ. ಅದನ್ನು ಹೇಳುವಾಗ ಮಾತ್ರ ಅವನ ದನಿ ಕುಗ್ಗಿತು. ನೇಕಾರ ಮಗಳ ಲಗ್ನಕ್ಕೆ ಸೀರೆ ಕೊಳ್ಳಲು ಹೋಗುವುದೆಂದರೆ ಏನು, ನೀವೇ ಹೇಳಿ.

ಅಕ್ಕ ಸೀರೆ ಎತ್ತಿ ಮಡಿಚತೊಡಗಿದಳು. "ಊರ ಮಂದೀ ಹೆ‌ಣ್ಮಕ್ಕಳೆಲ್ಲ ನಮ್ಮಪ್ಪ ನೇಯ್ದದ್ದು ಉಟ್ಟು ಹೋಗ್ಯಾರ. ನಾ ಅಂಗಡೀದು ಉಟ್ಟು ಹೋಗ್ಲೇನು? ಇದನ್ನಽ ಉಡಾಕಿ ನಾ. ಏನಂತಾರ ಅನ್ನಲಿ."

ಲಗ್ನದ ದಿನ ನನಗೊಂದು ಕೆಲಸ ಕೊಟ್ಟರು. ಎರಡನೆಯ ಸಾಲು ಮಡಿಕೆಯೊಳಗೆ ಹೋಗುವಂತೆ ಸೆರಗನ್ನು ಹೊದೆಸಿ ಪಿನ್ನು ಹಾಕಿದ್ದರು. ಪಿನ್ನು ಕಳಚದಂತೆ ನೋಡಿಕೊಳ್ಳುವವಳು ನಾನು. ಹೂರಣದ ಹೋಳಿಗೆ ಬಿಟ್ಟು, ಗೆಳತಿಯರ ಆಟ ಬಿಟ್ಟು, ಅಕ್ಕನ ಬೆನ್ನ ಹಿಂದೆಯೇ ತಿರುಗಿದೆ. ಅಕ್ಷತೆ ಬಿತ್ತು, ಯಾರಿಗೂ ಗೊತ್ತಾಗಲಿಲ್ಲ. ಊಟವಾಯಿತು, ಗೊತ್ತಾಗಲಿಲ್ಲ. ಇನ್ನೇನು ಗೆದ್ದೆವು ಎನ್ನುವಾಗ ಅಕ್ಕನ ಅತ್ತೆ ಮೊರ ಹಿಡಿದು ಬಂದರು, ಮೊರದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು. ಉಡಿ ತುಂಬುವುದು! ನಾವು ನಾಲ್ವರೂ ಅಷ್ಟು ಯೋಚನೆ ಮಾಡಿದವರು ಇದನ್ನು ಹೇಗೆ ಮರೆತೆವೋ ಆ ಬನಶಂಕರಿಯೇ ಬಲ್ಲಳು. ಉಡಿ ತುಂಬಿಸಿಕೊಳ್ಳಬೇಕಾದರೆ ಸೆರಗನ್ನು ಎರಡು ಕೈಯಲ್ಲಿ ಅಗಲಕ್ಕೆ ಬಿಚ್ಚಿ ಹಿಡಿಯಬೇಕು.

ಅಕ್ಕ ನನ್ನನ್ನು ನೋಡಿದಳು. ನಾನು ಪಿನ್ನು ತೆಗೆದೆ. ಸೆರಗು ಬಿಚ್ಚಿಕೊಂಡಿತು.

ಅತ್ತೆಯವರು ಮೊದಲ ಹಿಡಿ ಅಕ್ಕಿ ಹಾಕಿದರು. ಎರಡನೆಯ ಹಿಡಿ ಮೊರದಲ್ಲೇ ನಿಂತಿತು. ಅವರ ಬೆರಳು ಸೆರಗಿನ ಮೇಲೆ ಬಂತು, ಮೊದಲ ಸಾಲು ಸವರಿತು, ಎರಡನೆಯ ಸಾಲು ಸವರಿತು, ಅಲ್ಲೇ ನಿಂತಿತು. ಸುತ್ತಲಿನ ಹೆಂಗಸರೆಲ್ಲ ಬಗ್ಗಿ ನೋಡಿದರು. ಅಪ್ಪ ಕಂಬದ ಹತ್ತಿರ ನಿಂತಿದ್ದ.

"ಇದೇನ್ರಿ ಇದು?" ಎಂದರು ಅತ್ತೆ.

ಯಾರಿಗೂ ಬಾಯಿ ಬರಲಿಲ್ಲ. ನನಗೆ ಬಂತು. ಎಲ್ಲ ಕಡೆ ಬೇಡವಾದಾಗ ಬರುವ ಬಾಯಿ ಅದು.

"ನಂದಽ ತಪ್ಪರೀ ಅತ್ತಿ," ಎಂದೆ. "ಅಪ್ಪಂದೇನಿಲ್ಲರೀ. ನಾ ಪುಸ್ತಕ ಓದಾಕತ್ತಿದ್ದೆರಿ. ಬೇಲಿ ಮ್ಯಾಲ ಹಿಮ ಬಿದ್ದಿತ್ತರಿ, ಪ್ರಾಣಿ ಹಾರಿ ಅಡಗಿಮನಿಗೆ ಬಂತರಿ, ಅಡಗಿಯವ ಒಬ್ಬನಽ ಇದ್ದರಿ, ಅದು ಬಾಗಲಾ ಮೂಸಾಕತ್ತಿತ್ತರಿ, ಅಪ್ಪನ ಎಣಿಕಿ ತಪ್ಪಿತರಿ." ಅಷ್ಟು ಹೇಳಿ ಜೋರಾಗಿ ಅತ್ತುಬಿಟ್ಟೆ.

ಅತ್ತೆಯವರು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಸೆರಗನ್ನು ನೋಡಿದರು. ಆಮೇಲೆ ಮೊರವನ್ನು ಸೊಂಟಕ್ಕೆ ಆನಿಸಿಕೊಂಡು ಕೇಳಿದರು.

"ಮುಂದ?"

"ಆಂ?"

"ಮುಂದೇನಾತಽ ಹುಚ್ಚ ಖೋಡಿ? ಅಡಗಿಯವ ಉಳದನೋ ಸತ್ತನೋ?"

"ಉಳದರೀ," ಎಂದೆ ಬಿಕ್ಕುತ್ತ. "ಹಿಟ್ಟಿನ ಪೀಪಾಯಿಯೊಳಗ ಕುಂತಿದ್ದರೀ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಇಡೀ ಛತ್ರ ನಕ್ಕಿತು. ಅತ್ತೆಯವರು ಮಾತ್ರ ನಗಲಿಲ್ಲ, ಅವರಿಗೆ ವ್ಯಾಪಾರದ ಮುಖ. "ತಪ್ಪು ತಪ್ಪಽ," ಎಂದು ಅಪ್ಪನ ಕಡೆ ನೋಡಿ ಹೇಳಿದರು. "ಆದರ ಬೀಗರ, ಇಂಥಾ ತಪ್ಪಿನ ಸೀರಿ ನಮ್ಮ ಅಂಗಡ್ಯಾಗ ಒಂದೂ ಇಲ್ಲ ನೋಡ್ರಿ." ಹಾಗೆಂದು ಉಡಿ ತುಂಬಿದರು. ಅಕ್ಕನ ಸಂಗಡ ಹುನಗುಂದಕ್ಕೆ ಕಳಿಸುವ ಹುಡುಗಿ ಯಾರು ಎಂಬ ಮಾತು ಬಂದಾಗ, "ಆ ಓದೂ ಹುಡುಗೀನಽ ಕಳಸ್ರಿ, ಪುಸ್ತಕದ ಸಮೇತ" ಎಂದು ಅವರೇ ಹೇಳಿದರು. ಅವ್ವ ಬಾದಾಮಿಯಲ್ಲಿ ಆಡಿದ ಮಾತು ಖರೆಯಾಯಿತು, ಬೀಗರ ಮನೆಗೆ ನಾವು ಪ್ರಾಣಿ ಪುಸ್ತಕವನ್ನೇ ಒಯ್ದೆವು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಸೀರೆಯ ಗಂಟುಗಳ ನಡುವೆ ಕೂತು ಉಳಿದದ್ದನ್ನೆಲ್ಲ ಅವರಿಗೆ ಓದಿ ಹೇಳಿದೆ. ಕೊನೆಗೆ ಪ್ರಾಣಿಗಳು ಮಂಜಿನೊಳಗೆ ನಡೆದು ಎಲ್ಲೋ ಹೋಗಿಬಿಡುತ್ತವೆ, ಯಾರಿಗೂ ಸಿಗುವುದಿಲ್ಲ. "ಹೋಗ್ಲಿ ಬಿಡು," ಎಂದರು ಅತ್ತೆಯವರು, "ಎಲ್ಲೆರೆ ಉಂಡ್ಕೊಂಡು ತಣ್ಣಗ ಇರಲಿ." ಪುಸ್ತಕವನ್ನು ತಡವಾಗಿ ವಾಚನಾಲಯಕ್ಕೆ ಮುಟ್ಟಿಸಿದೆ. ದೊಡ್ಡವಳಾದ ಮೇಲೆ ಎಷ್ಟೋ ಕಡೆ ಹುಡುಕಿದೆ. ಹೆಸರೇ ಗೊತ್ತಿಲ್ಲದ್ದನ್ನು ಏನೆಂದು ಕೇಳುವುದು?

ಇವೆಲ್ಲ ಈಗ ನೆನಪಾಗಲು ಕಾರಣ ಅಕ್ಕನ ಮಗಳು ರೂಪಾ. ಅವಳಿಗೆ ಒಂಬತ್ತು ವರ್ಷ. ಹೋದ ವಾರ ಹುನಗುಂದದಲ್ಲಿ ಅವಳ ಸಾಲೆಯ ಗ್ಯಾದರಿಂಗ್ ಇತ್ತು, ನಾನೂ ಹೋಗಿದ್ದೆ, ಮೊಮ್ಮಗಳ ಕುಣಿತ ನೋಡಲು ಇಳಕಲ್ಲಿನಿಂದ ಅಪ್ಪನೂ ಬಂದಿದ್ದ. ಕುಣಿತಕ್ಕೆ ಸೀರೆ ಬೇಕೆಂದು ಅಕ್ಕ ಟ್ರಂಕಿನಿಂದ ಅದನ್ನೇ ತೆಗೆದಳು. ರೂಪಾ ಸೆರಗಿನ ಮೇಲೆ ಬೆರಳಾಡಿಸಿ, "ಚಿಗವ್ವಾ, ಈ ಕಡಿ ಹಲ್ಲು ಯಾಕ ಉದ್ದ ಅದಾವ?" ಎಂದು ಕೇಳಿದಳು. ನಾನು ಕಥೆ ಹೇಳಿದೆ. ಬೇಲಿಯಿಂದ ಹಿಡಿದು ಹಿಟ್ಟಿನ ಪೀಪಾಯಿಯವರೆಗೆ ಎಲ್ಲ. ಕೊನೆಗೆ, "ನನ್ನಿಂದ ನಿಮ್ಮ ಮುತ್ಯಾನ ಎಣಿಕಿ ತಪ್ಪೇತಿ. ಆ ತಪ್ಪು ಇವತ್ತಿಗೂ ನನ್ನ ತೆಲಿ ಮ್ಯಾಲ ಐತಿ" ಎಂದೆ.

ಅಪ್ಪ ಬಾಗಿಲಿಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಎಣಿಕಿ ಎಲ್ಲಿ ತಪ್ಪಿತ್ತು?" ಎಂದ.

"ಅಂದ್ರ?"

"ಎಷ್ಟು ಲಾಳಿ ಓಡಿದಾವು ಅಂತ ನನಗ ಗೊತ್ತಿತ್ತು. ನಿಲ್ಲಸೂ ಜಾಗಾ ಬಂತು, ದಾಟಿ ಹೋತು, ಅದೂ ಗೊತ್ತಿತ್ತು. ನಿಲ್ಲಬೇಕಂದ್ರ ಲಾಳಿ ಬದಲ ಮಾಡಬೇಕು, ಮಗ್ಗ ತಡೀಬೇಕು. ಮಗ್ಗ ತಡದ್ರ ನೀ ಅಂಜಿ ಪುಸ್ತಕ ಮುಚ್ಚತಿದ್ದಿ. ಮುಂದೆಂದೂ ಜೋರ್ ಓದ್ತಿರಲಿಲ್ಲ." ಎಲೆ ಬಾಯಿಗಿಟ್ಟುಕೊಂಡ. "ನೀ ಓದೂದು ನನಗ ಭಾಳ ಸೇರತಿತ್ತು."

ಹನ್ನೊಂದು ವರ್ಷ ಹೊತ್ತುಕೊಂಡು ತಿರುಗಿದ ತಪ್ಪನ್ನು ಯಾರೋ ತಲೆಯ ಮೇಲಿಂದ ಇಳಿಸಿ, ಇದು ನಿನ್ನದಲ್ಲ ತಾಯಿ, ನನ್ನದು ಎಂದು ಒಯ್ದಂತಾಯಿತು. ಕಣ್ಣು ತುಂಬಿ ಬಂತು, ಮುಚ್ಚಿಡಲಿಲ್ಲ. ಅಕ್ಕ ಅಪ್ಪನನ್ನೇ ನೋಡುತ್ತ, "ಅಂದ್ರ ನನ್ನ ಲಗ್ನದ ಸೀರಿಗಿಂತ ನಿನಗ ಆ ಅಡಗಿಯವನಽ ಹೆಚ್ಚಾದ್ನೇನಪ್ಪಾ?" ಎಂದು ಕೇಳಿದಳು.

"ಅವನೂ ಪಾಪ ಒಬ್ಬನಽ ಇದ್ದನಲ್ಲವಾ," ಎಂದ ಅಪ್ಪ.

ರೂಪಾಗೆ ಈ ಮಾತೆಲ್ಲ ಬೇಕಿರಲಿಲ್ಲ. ಅವಳು ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು, ಉದ್ದ ಹಲ್ಲುಗಳನ್ನು ಹಣೆಯ ಮೇಲೆ ಎಳೆದುಕೊಂಡು ಕನ್ನಡಿಯಲ್ಲಿ ಗುರ್ರೆಂದಳು. ಆಮೇಲೆ ಅಪ್ಪನ ಮುಂದೆ ಬಂದು ನಿಂತಳು.

"ಮುತ್ಯಾ, ನನಗೂ ಇಂಥಾದ್ದಽ ಒಂದು ಸೀರಿ ನೇದ ಕೊಡು. ಹಲ್ಲು ಇದಕ್ಕಿಂತಾ ಉದ್ದ ಇರಬೇಕು."

ಅಪ್ಪ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಹಂಗಾದ್ರ ನಿಮ್ಮ ಚಿಗವ್ವಗ ಹೇಳು," ಎಂದ. "ಒಂದು ದಪ್ಪಾಂದು ಪುಸ್ತಕ ತರಲಿ."